ಗುಜರಿಯೂ ಅಲ್ಲ, ಶೋಪೀಸೂ ಅಲ್ಲ

ಮೊನ್ನೆ ಚಾಮರಾಜನಗರದಲ್ಲಿ ಒಂದು ಕಾರ್ಯಕ್ರಮ ಇತ್ತು. ಅದನ್ನ ಮುಗಿಸಿಕೊಂಡು ತೆರಕಣಾಂಬಿ ಮೇಲೆ ಗುಂಡ್ಲುಪೇಟೆಗೆ ಬಂದು, ಬಸ್ ಸ್ಟ್ಯಾಂಡ್ ಹತ್ತಿರ ಟೀ ಕುಡಿಯೋಕೆ ನಿಂತ್ವಿ. ಬೆಳಗಿನ ಹೊತ್ತು. ಗುಂಡ್ಲುಪೇಟೆ ಗೊತ್ತಲ್ಲ ನಿಮಗೆ? ಒಂದು ದಾರಿ ಊಟಿಗೆ, ಇನ್ನೊಂದು ದಾರಿ ವಯನಾಡಿಗೆ. ಬಂಡೀಪುರದ ಕಾಡಿನ ರಸ್ತೆಯಲ್ಲಿ ರಾತ್ರಿ ಒಂಬತ್ತರಿಂದ ಬೆಳಗ್ಗೆ ಆರರ ತನಕ ವಾಹನ ಓಡಾಡೋ ಹಾಗಿಲ್ಲ, 2009ರಿಂದ ಈ ನಿರ್ಬಂಧ ಇದೆ. ಹಾಗಾಗಿ ಬೆಂಗಳೂರಿನ ಬೈಕ್ ಹುಡುಗರೆಲ್ಲ ಬೆಳಗ್ಗೆ ಬೆಳಗ್ಗೇನೇ ಇಲ್ಲಿ ಸೇರ್ತಾರೆ. ಅವತ್ತೂ ಏಳೆಂಟು ಜನ ಇದ್ರು. ಎರಡು ಲಕ್ಷ, ಮೂರು ಲಕ್ಷದ ಬೈಕುಗಳು. ಜಾಕೆಟ್ಟು, ಗ್ಲೌಸು, ಹೆಲ್ಮೆಟ್ ಮೇಲೆ ಕ್ಯಾಮೆರಾ.

ಆದ್ರೆ ಆ ಹುಡುಗರು ಯಾರೂ ತಮ್ಮ ಬೈಕ್ ಹತ್ತಿರ ನಿಂತಿರಲಿಲ್ಲ. ಎಲ್ಲರೂ ಸುತ್ತಿಕೊಂಡಿದ್ದು ಒಂದು ಹಳೇ ಜಾವಾ ಬೈಕನ್ನ. ಬಣ್ಣ ಮಾಸಿದೆ, ಸೀಟಿಗೆ ಗೋಣಿತಾಟು ಕಟ್ಟಿದೆ. ಹಿಂದಿನ ಕ್ಯಾರಿಯರ್ ಮೇಲೆ ಎರಡು ಬಾಳೆಗೊನೆ. ನಂಬರ್ ಪ್ಲೇಟ್ ನೋಡಿದೆ. 'ಎಂವೈ' ಅಂತ ಶುರುವಾಗುತ್ತೆ. ಅಂದ್ರೆ ನಮ್ಮ ರಾಜ್ಯಕ್ಕೆ ಇನ್ನೂ ಮೈಸೂರು ರಾಜ್ಯ ಅನ್ನೋ ಹೆಸರಿದ್ದಾಗ ನೋಂದಣಿ ಆದ ಗಾಡಿ. ಕರ್ನಾಟಕ ಅಂತ ಹೆಸರಾಗಿದ್ದು 1973ರ ನವೆಂಬರ್ 1ಕ್ಕೆ. ಲೆಕ್ಕ ನೀವೇ ಹಾಕಿ, ಐವತ್ತು ವರ್ಷ ದಾಟಿದೆ.

ಪಕ್ಕದಲ್ಲಿ ಬೈಕಿನ ಯಜಮಾನರು ಟೀ ಲೋಟ ಹಿಡ್ಕೊಂಡು ನಿಂತಿದ್ರು. ಎಪ್ಪತ್ತರ ಮೇಲಾಗಿದೆ. ಒಬ್ಬ ಹುಡುಗ ಕೇಳಿದ, 'ತಾತ, ವಿಂಟೇಜ್ ಪೀಸ್ ಇದು. ಒಂದು ಲಕ್ಷ ಕೊಡ್ತೀನಿ, ಕೊಡ್ತೀರಾ?' ಯಜಮಾನ್ರು ನಕ್ಕರು. 'ಕೊಟ್ಬುಡ್ತೀನಿ ಕಣ್ ಮಗ. ನಾಳ ಬಾಳಗೊನ ನಿನ್ ತಲ ಮ್ಯಾಲ ಹೊರಿಸ್ಲಾ?'

ಎಲ್ಲರೂ ನಕ್ಕರು, ನಾನೂ ನಕ್ಕೆ. ಹುಡುಗರು ಸೆಲ್ಫಿ ತಗೊಂಡು ಊಟಿ ಕಡೆ ಹೋದ್ರು. ಆಮೇಲೆ ಯಜಮಾನರ ಜೊತೆ ಮಾತಿಗೆ ಕೂತೆ. ಆ ಮಾತು ಮುಗಿಯೋ ಹೊತ್ತಿಗೆ ನಗು ಇರಲಿಲ್ಲ. ಅದನ್ನೇ ಇವತ್ತು ನಿಮ್ಮ ಮುಂದೆ ಇಡ್ತೀನಿ.

ಮೊದಲು ಈ ಬೈಕಿನ ಕಥೆ ಸ್ವಲ್ಪ ಹೇಳಬೇಕು. ಯಾಕಂದ್ರೆ ಇದು ನಮ್ಮದೇ ಕಥೆ. ಜಾವಾ ಅಂದ್ರೆ ಇಂಡೋನೇಷ್ಯಾದ ದ್ವೀಪದ ಹೆಸರು ಅಂದ್ಕೊಂಡಿರೋರು ಬಹಳ ಜನ ಇದ್ದಾರೆ. ಅಲ್ಲ. 1929ರಲ್ಲಿ ಜೆಕೊಸ್ಲೊವಾಕಿಯಾದಲ್ಲಿ ಯಾನೆಚೆಕ್ ಅನ್ನೋರು ವಾಂಡರರ್ ಅನ್ನೋ ಕಂಪನಿಯ ಮೋಟಾರ್ ಸೈಕಲ್ ವಿನ್ಯಾಸ ಕೊಂಡುಕೊಂಡು ಕಾರ್ಖಾನೆ ಶುರು ಮಾಡಿದ್ರು. ಎರಡೂ ಹೆಸರಿನ ಮೊದಲ ಅಕ್ಷರಗಳನ್ನ ಸೇರಿಸಿದ್ರೆ ಜಾವಾ. ಆ ಬೈಕನ್ನ ನಮ್ಮ ದೇಶಕ್ಕೆ ತಂದೋರು ಇರಾನಿ ಅನ್ನೋ ಪಾರ್ಸಿ ಮನೆತನದವರು. ತಂದಿದ್ದು ಎಲ್ಲಿಗೆ? ಮುಂಬೈಗಲ್ಲ, ಪುಣೆಗಲ್ಲ, ಮೈಸೂರಿಗೆ! ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ. 1961ರಲ್ಲಿ ಉದ್ಘಾಟನೆ ಮಾಡಿದ್ದು, ಆಗ ರಾಜ್ಯಪಾಲರಾಗಿದ್ದ ಜಯಚಾಮರಾಜ ಒಡೆಯರ್. ಮಹಾರಾಜರು ಉದ್ಘಾಟನೆ ಮಾಡಿದ ಕಾರ್ಖಾನೆಯಿಂದ ಹೊರಗೆ ಬಂದಿದ್ದು ಜನಸಾಮಾನ್ಯರ ಗಾಡಿ.

ಆಮೇಲೆ ಎಪ್ಪತ್ತರ ದಶಕದಲ್ಲಿ ಹೆಸರು ಬದಲಾಯ್ತು. ಯೆಜ್ಡಿ ಬಂತು. ಇರಾನ್ ದೇಶದ ಯಜ್ದ್ ಅನ್ನೋ ಊರಿನ ನೆನಪಿಗೆ ಇಟ್ಟ ಹೆಸರು ಅದು. ರೋಡ್‌ಕಿಂಗ್ ಬಂತು. ಹುಡುಗರು ಹುಚ್ಚಾದ್ರು. ಆದ್ರೆ ಹಳ್ಳಿ ಕಡೆ ಯೆಜ್ಡಿಯನ್ನೂ ಜಾವಾ ಅಂತಲೇ ಕರೀತಿದ್ರು, ಈಗಲೂ ಕರೀತಾರೆ.

ಈ ಬೈಕಲ್ಲಿ ಏನಿತ್ತು ಅಂತೀರಾ? ಏನೂ ಇರಲಿಲ್ಲ. ಅದೇ ಅದರ ದೊಡ್ಡತನ. ಇನ್ನೂರೈವತ್ತು ಸಿಸಿ ಟೂ ಸ್ಟ್ರೋಕ್ ಎಂಜಿನ್. ಒಂದೇ ಸಿಲಿಂಡರ್, ಆದ್ರೆ ಸೈಲೆನ್ಸರ್ ಎರಡು. ಟೂ ಸ್ಟ್ರೋಕ್ ಎಂಜಿನ್ನಿನಲ್ಲಿ ಕವಾಟಗಳಿಲ್ಲ, ಅದನ್ನ ತೆರೆದು ಮುಚ್ಚೋ ಸಲಕರಣೆ ಇಲ್ಲ. ಪಿಸ್ಟನ್ ಮೇಲೆ ಕೆಳಗೆ ಹೋಗ್ತಾ ತಾನೇ ಕಿಂಡಿ ತೆರೆಯುತ್ತೆ, ತಾನೇ ಮುಚ್ಚುತ್ತೆ. ಕೆಡೋದಕ್ಕೆ ಸಾಮಾನು ಕಡಿಮೆ ಇದ್ರೆ ಕೆಡೋದೂ ಕಡಿಮೆ. ಕಿಕ್ಕರ್ ಬೇರೆ, ಗೇರ್ ಬೇರೆ ಇಲ್ಲ, ಎರಡಕ್ಕೂ ಒಂದೇ ಲಿವರ್. ಅದನ್ನ ಒಳಗೆ ಒತ್ತಿ ಮೇಲಕ್ಕೆ ತಿರುಗಿಸಿ ತುಳಿದ್ರೆ ಕಿಕ್ಕರ್. ಸ್ಟಾರ್ಟ್ ಆದಮೇಲೆ ಕೆಳಗೆ ಇಳಿಸಿದ್ರೆ ಅದೇ ಗೇರ್. ಗೇರ್ ಹಾಕುವಾಗ ಕ್ಲಚ್ ಹಿಡಿಯೋದು ಮರೆತರೂ ನಡೆಯುತ್ತೆ, ಆ ಲಿವರೇ ಕ್ಲಚ್ಚನ್ನೂ ಬಿಡಿಸುತ್ತೆ. ಚೈನಿಗೆ ಪೂರ್ತಿ ಮುಚ್ಚಿದ ಪೆಟ್ಟಿಗೆ. ಕೆಸರು ಗದ್ದೆ ಬದಿಯಲ್ಲಿ ಓಡಿಸಿದ್ರೂ ಚೈನಿಗೆ ಮಣ್ಣು ಹತ್ತೋದಿಲ್ಲ. ನಮ್ಮ ಹಳ್ಳಿ ರಸ್ತೆ ನೋಡಿಕೊಂಡೇ ಮಾಡಿದ ಹಾಗಿದೆ ಅಲ್ವಾ?

ಇನ್ನು ಕೀಲಿಕೈ! ಅದನ್ನ ಕೀಲಿಕೈ ಅನ್ನೋದೇ ತಪ್ಪು, ಅದೊಂದು ಮೊಳೆ. ಒಬ್ಬರ ಜಾವಾಕ್ಕೆ ಇನ್ನೊಬ್ಬರ ಕೀಲಿ ಆಗುತ್ತಿತ್ತು. ನಾನು ಯಜಮಾನರನ್ನ ಕೇಳಿದೆ, 'ಕಳ್ಳರ ಭಯ ಇಲ್ವಾ?' ಅಂತ. 'ಗುಂಡ್ಲುಪೇಟೆಲಿ ಈ ಸದ್ದು ಯಾರ್ದು ಅಂತ ಎಲ್ಲಾರ್ಗೂ ಗೊತ್ತು ಕಣಪ್ಪ. ಕದ್ದವ್ನು ಎಲ್ ಓಡ್ಸಾನು?' ಅಂದ್ರು.

ಲೀಟರ್ ಪೆಟ್ರೋಲಿಗೆ ಸುಮಾರು ನಲವತ್ತು ಮಿಲಿ ಆಯಿಲ್ ಬೆರೆಸಬೇಕು. ಹಿಂದೆ ಬಂಕುಗಳಲ್ಲೇ ಟೂಟಿ ಆಯಿಲ್ ತಿರುಗಿಸಿ ಹಾಕೋ ಡಬ್ಬ ಇರುತ್ತಿತ್ತು. ಈಗ ಯಜಮಾನ್ರು ಒಂದು ಬಾಟಲಿಯಲ್ಲಿ ತಾವೇ ಇಟ್ಕೊಂಡಿದ್ದಾರೆ, ಅಳತೆಗೆ ಕೆಮ್ಮಿನ ಔಷಧಿಯ ಮುಚ್ಚಳ. ಪ್ಲಗ್ ಕ್ಲೀನ್ ಮಾಡೋದು, ಪಾಯಿಂಟ್ ಸೆಟ್ ಮಾಡೋದು, ಕಾರ್ಬೊರೇಟರ್ ಬಿಚ್ಚೋದು, ಸೈಲೆನ್ಸರ್ ಬಿಚ್ಚಿ ಇಲ್ಲಣ ಕೆರೆಯೋದು, ಎಲ್ಲ ಅವರೇ. ಇವತ್ತಿನ ಬೈಕ್ ದಾರಿಯಲ್ಲಿ ನಿಂತ್ರೆ ನಾವು ಮೊದಲು ತೆಗೆಯೋದು ಮೊಬೈಲು. ಅವರು ತೆಗೆಯೋದು ಸ್ಪ್ಯಾನರ್ರು.

ಆಮೇಲೆ ಏನಾಯ್ತು? 1985ರ ಹೊತ್ತಿಗೆ ಜಪಾನಿನ ಜೊತೆ ಕೈಜೋಡಿಸಿದ ನೂರು ಸಿಸಿ ಬೈಕುಗಳು ಬಂದ್ವು. ಹೀರೋ ಹೋಂಡಾ ಸಿಡಿ 100 ಬಂತು, ಯಮಹಾ ಆರ್‌ಎಕ್ಸ್ 100 ಬಂತು. ಒಂದು ಮೈಲೇಜಿನಲ್ಲಿ ಹೊಡೀತು, ಇನ್ನೊಂದು ಓಟದಲ್ಲಿ ಹೊಡೀತು. ಹೊಗೆ ಬಗ್ಗೆ ಕಾನೂನು ಬಿಗಿಯಾಯ್ತು. ಇನ್ನೂರೈವತ್ತು ಸಿಸಿ ಟೂ ಸ್ಟ್ರೋಕ್ ಎಂಜಿನ್ ಅಲ್ಲೇ ನಿಂತಿತ್ತು, ಕಾಲ ಮುಂದೆ ಹೋಗಿತ್ತು. 1996ರಲ್ಲಿ ಮೈಸೂರಿನ ಕಾರ್ಖಾನೆ ಬಾಗಿಲು ಹಾಕಿತು. ಅದರ ಮಾರನೇ ವರ್ಷ, 1997ರಲ್ಲಿ, ಮೈಸೂರು ಜಿಲ್ಲೆಯಿಂದ ಬೇರೆಯಾಗಿ ಚಾಮರಾಜನಗರ ಜಿಲ್ಲೆ ಆಯ್ತು. ಅಂದ್ರೆ ಈ ಯಜಮಾನರ ಬೈಕು ಅವರ ಜಿಲ್ಲೆಗಿಂತ ಹಳೇದು!

2018ರಲ್ಲಿ ಜಾವಾ ಹೆಸರು ಮತ್ತೆ ಬಂತು, 2022ರಲ್ಲಿ ಯೆಜ್ಡಿ ಹೆಸರೂ ಬಂತು. ಮಹೀಂದ್ರ ಗುಂಪಿನ ಕ್ಲಾಸಿಕ್ ಲೆಜೆಂಡ್ಸ್ ಕಂಪನಿ ಮಾಡ್ತಿದೆ. ಒಳ್ಳೇದು. ಆದ್ರೆ ತಯಾರಾಗೋದು ಮಧ್ಯಪ್ರದೇಶದ ಪೀಥಂಪುರದಲ್ಲಿ. ಹೆಸರು ವಾಪಸ್ ಬಂತು, ಕಾರ್ಖಾನೆ ಮೈಸೂರಿಗೆ ವಾಪಸ್ ಬರಲಿಲ್ಲ.

ಇರಲಿ. ಈಗ ವಿಷಯಕ್ಕೆ ಬರ್ತೀನಿ.

ಯಜಮಾನರ ಬೈಕಿನ ಆರ್‌ಸಿ ಅವಧಿ ಮುಗಿದು ಎರಡು ವರ್ಷ ಆಗಿದೆ. ಯಾಕೆ ನವೀಕರಣ ಮಾಡಿಸಿಲ್ಲ ಅಂದೆ. ಮನೆಯವರಿಗೆ ಹುಷಾರಿರಲಿಲ್ಲ, ಆಸ್ಪತ್ರೆ ಓಡಾಟ, ಆಮೇಲೆ ಮರೆತೇ ಹೋಯ್ತು ಅಂದ್ರು. ಒಂದು ಕಚೇರಿಗೆ ಹೋಗಿ ವಿಚಾರಿಸಿದ್ದಾರೆ. ಅಲ್ಲಿ ಯಾರೋ ಹೇಳಿದ್ರಂತೆ, 'ಇದಕ್ಕೆ ದುಡ್ಡು ಹಾಕಬೇಡಿ ಯಜಮಾನ್ರೇ, ಗುಜರಿಗೆ ಹಾಕಿ. ಇಲ್ಲಾಂದ್ರೆ ವಿಂಟೇಜ್ ಅಂತ ಮಾಡಿಸಿ.' ಇವರು ಆ ಪದವನ್ನೇ ಕೇಳಿರಲಿಲ್ಲ. ನನ್ನ ಹತ್ತಿರ ಕೇಳಿದ್ರು, 'ವಿಂಟೇಜು ಅಂದ್ರ ಏನ್ ಕಣಪ್ಪ?'

ಈಗ ನಿಯಮ ಏನು ಹೇಳುತ್ತೆ ನೋಡೋಣ. ನಮ್ಮ ಮೋಟಾರು ವಾಹನ ಕಾಯ್ದೆ ಪ್ರಕಾರ ಸ್ವಂತ ಬಳಕೆಯ ವಾಹನದ ನೋಂದಣಿಗೆ ಹದಿನೈದು ವರ್ಷ ಆಯಸ್ಸು. ಆಮೇಲೆ ಐದೈದು ವರ್ಷಕ್ಕೆ ನವೀಕರಣ. ದ್ವಿಚಕ್ರ ವಾಹನಕ್ಕೆ ಈ ಶುಲ್ಕ ಮೊದಲು 300 ರೂಪಾಯಿ ಇತ್ತು. 2022ರ ಏಪ್ರಿಲ್‌ನಿಂದ 1,000 ಆಯ್ತು. 2025ರ ಆಗಸ್ಟ್‌ನಲ್ಲಿ, ಇಪ್ಪತ್ತು ವರ್ಷ ದಾಟಿದ ಬೈಕುಗಳಿಗೆ 2,000 ಮಾಡಿದ್ರು. ತಡ ಮಾಡಿದ್ರೆ? 2021ರ ಅಧಿಸೂಚನೆ ಪ್ರಕಾರ ಬೈಕಿಗೆ ತಿಂಗಳಿಗೆ 300 ರೂಪಾಯಿ ಹೆಚ್ಚುವರಿ. ಎರಡು ವರ್ಷ ಅಂದ್ರೆ ಇಪ್ಪತ್ನಾಲ್ಕು ತಿಂಗಳು, 7,200 ರೂಪಾಯಿ. ಅದಕ್ಕೆ ಶುಲ್ಕ 2,000 ಸೇರಿಸಿ, 9,200. ಅದರ ಮೇಲೆ ಹಸಿರು ತೆರಿಗೆ, ವಿಮೆ, ಓಡಾಟದ ಖರ್ಚು. ಎಷ್ಟು ಗೊನೆ ಬಾಳೆ ಮಾರಿದ್ರೆ ಇಷ್ಟು ದುಡ್ಡು ಉಳಿಯುತ್ತೆ? ದರ ಬಿದ್ದ ದಿನ ಗೊನೆ ಕಡಿದ ಕೂಲಿಯೂ ಹುಟ್ಟೋದಿಲ್ಲ ಅಂತ ಚಾಮರಾಜನಗರದ ಯಾವ ರೈತರನ್ನ ಕೇಳಿದ್ರೂ ಹೇಳ್ತಾರೆ.

ಇದು ಒಂದು ದಾರಿ. ಇನ್ನೊಂದು ದಾರಿ ವಿಂಟೇಜ್. 2021ರ ಜುಲೈನಲ್ಲಿ ಕೇಂದ್ರ ಸರ್ಕಾರ ಅದಕ್ಕೆ ನಿಯಮ ಮಾಡ್ತು. ಐವತ್ತು ವರ್ಷ ದಾಟಿರಬೇಕು, ಮೂಲ ರೂಪದಲ್ಲಿ ಇರಬೇಕು. ಹೊಸದಾಗಿ ನೋಂದಣಿಗೆ 20,000 ರೂಪಾಯಿ, ಹತ್ತು ವರ್ಷಕ್ಕೆ ಮಾನ್ಯತೆ, ಮತ್ತೆ ನವೀಕರಣಕ್ಕೆ 5,000. ಸರಿ, ಹಳೇ ಗಾಡಿಗಳನ್ನ ಉಳಿಸೋದಕ್ಕೆ ಒಂದು ವ್ಯವಸ್ಥೆ ಅಂತ ಬಂತಲ್ಲ, ಅದನ್ನ ನಾನು ಸ್ವಾಗತ ಮಾಡ್ತೀನಿ. ಆದ್ರೆ ಅದರಲ್ಲಿ ಒಂದು ಷರತ್ತು ಇದೆ. ವಿಂಟೇಜ್ ಅಂತ ನೋಂದಣಿ ಆದ ವಾಹನವನ್ನ ದಿನನಿತ್ಯದ ಓಡಾಟಕ್ಕೆ ಬಳಸೋ ಹಾಗಿಲ್ಲ, ವ್ಯಾಪಾರಕ್ಕೂ ಬಳಸೋ ಹಾಗಿಲ್ಲ. ಪ್ರದರ್ಶನಕ್ಕೆ ಹೋಗಬಹುದು, ರ‍್ಯಾಲಿಗೆ ಹೋಗಬಹುದು, ಪೆಟ್ರೋಲ್ ಹಾಕಿಸೋಕೆ, ರಿಪೇರಿಗೆ ಹೋಗಬಹುದು. ಅಷ್ಟೇ.

ಅಂದ್ರೆ ಏನಾಯ್ತು ಗೊತ್ತಾ? ಶ್ರೀಮಂತರ ಮನೆಯ ಶೆಡ್ಡಿನಲ್ಲಿ ಹೊದಿಕೆ ಹೊದ್ದು ನಿಂತಿರೋ ಜಾವಾಕ್ಕೆ ಒಂದು ಖಾನೆ ಇದೆ, ಅದರ ಹೆಸರು ವಿಂಟೇಜ್. ಕೆಟ್ಟು ಕೆರ ಹಿಡಿದು ಮೂಲೆಯಲ್ಲಿ ಬಿದ್ದಿರೋ ಜಾವಾಕ್ಕೆ ಇನ್ನೊಂದು ಖಾನೆ, ಗುಜರಿ. ಆದ್ರೆ ದಿನಾ ಬೆಳಗ್ಗೆ ಕಿಕ್ ಹೊಡೆಸಿಕೊಂಡು, ಎರಡು ಗೊನೆ ಹೊತ್ಕೊಂಡು ಮಾರುಕಟ್ಟೆಗೆ ಬರೋ ಜಾವಾ ಇದೆಯಲ್ಲ, ಯಾವ ಕೆಲಸಕ್ಕೆ ಅಂತ ಅದನ್ನ ತಯಾರು ಮಾಡಿದ್ರೋ ಅದೇ ಕೆಲಸವನ್ನ ಇವತ್ತಿಗೂ ಮಾಡ್ತಿರೋ ಗಾಡಿ, ಅದಕ್ಕೆ ಅದರದ್ದೇ ಅಂತ ಖಾನೆ ಇಲ್ಲ. ಏರ್ತಾ ಹೋಗೋ ಶುಲ್ಕ ಮಾತ್ರ ಇದೆ.

ಈಗ ನೀವು ನನ್ನನ್ನ ಕೇಳಬಹುದು. ಏನ್ರೀ, ನೀವು ಹಳೇ ಹೊಗೆ ಗಾಡಿ ಪರವಾಗಿ ಮಾತಾಡ್ತೀರಾ ಅಂತ. ನ್ಯಾಯವಾದ ಪ್ರಶ್ನೆ. ಟೂ ಸ್ಟ್ರೋಕ್ ಎಂಜಿನ್ ಹೊಗೆ ಉಗುಳೋದು ನಿಜ. ಪೆಟ್ರೋಲ್ ಜೊತೆ ಆಯಿಲ್ಲೂ ಸುಡುತ್ತೆ, ಒಂದಿಷ್ಟು ಪೆಟ್ರೋಲು ಸುಡದೇನೇ ಸೈಲೆನ್ಸರಿಂದ ಹೊರಗೆ ಹೋಗುತ್ತೆ. ಬೆಂಗಳೂರಿನ ಸಿಗ್ನಲ್‌ನಲ್ಲಿ ಇಂಥ ಸಾವಿರ ಗಾಡಿ ನಿಂತ್ರೆ ಮಕ್ಕಳು ಕೆಮ್ಮೋದು ಖಂಡಿತ. ಸುರಕ್ಷತೆಯೂ ಅಷ್ಟೇ. ಆರು ವೋಲ್ಟಿನ ಬ್ಯಾಟರಿ, ಎಂಜಿನ್ ನಿಧಾನ ಆದ್ರೆ ಹೆಡ್‌ಲೈಟು ಹಣತೆ ಥರ ಸಣ್ಣಗಾಗುತ್ತೆ. ಡ್ರಮ್ ಬ್ರೇಕು. ಯಜಮಾನರೇ ಒಪ್ಪಿಕೊಂಡ್ರು, 'ಹೊತ್ ಮುಳುಗದ ಮ್ಯಾಲ ಇದ ತಗಿಯಲ್ಲ ಕಣಪ್ಪ' ಅಂತ. ಕಾಗದಪತ್ರ ಇಲ್ಲದೆ ಓಡಿಸೋದು ತಪ್ಪು ಅಂತ ನಾನೂ ಅವರಿಗೆ ಹೇಳಿದೆ. ಎದುರಿಗೆ ಬರೋರಿಗೆ ಏನಾದ್ರೂ ಆದ್ರೆ ವಿಮೆ ಇಲ್ಲದೆ ಪರಿಹಾರ ಕೊಡೋರು ಯಾರು? ತಲೆ ತಗ್ಗಿಸಿದ್ರು. ಹಾಗಾಗಿ ಹಳೇ ಗಾಡಿ ಅಂತ ಪರೀಕ್ಷೆಯೇ ಬೇಡ ಅನ್ನೋ ವಾದ ನನ್ನದಲ್ಲ.

ನನ್ನ ವಾದ ಇಷ್ಟೇ. ಪರೀಕ್ಷೆ ಮಾಡಿ. ಆದ್ರೆ ಗಾಡಿಯನ್ನ ಪರೀಕ್ಷೆ ಮಾಡಿ, ಅದರ ವಯಸ್ಸನ್ನ ಅಲ್ಲ. ಬ್ರೇಕ್ ಹಿಡಿಯುತ್ತಾ? ಲೈಟ್ ಬರುತ್ತಾ? ಹೊಗೆ ಮಿತಿಯಲ್ಲಿದೆಯಾ? ಇಲ್ಲ ಅಂದ್ರೆ ನಿಲ್ಲಿಸಿ, ಯಾರೂ ಬೇಡ ಅನ್ನಲ್ಲ. ಎಲ್ಲ ಸರಿ ಇದೆ ಅಂದ್ರೆ, ಮೂವತ್ತು ವರ್ಷ ಆಗಲಿ ಐವತ್ತು ವರ್ಷ ಆಗಲಿ, ಅದಕ್ಕೆ ಯಾಕೆ ಹೆಚ್ಚು ದುಡ್ಡು? ಈ ಗಾಡಿ ದಿನಕ್ಕೆ ಓಡೋದು ತೋಟದಿಂದ ಮಾರುಕಟ್ಟೆಗೆ, ಮಾರುಕಟ್ಟೆಯಿಂದ ಮನೆಗೆ, ಹತ್ತು ಹದಿನೈದು ಕಿಲೋಮೀಟರ್. ಹೊಸ ಗಾಡಿ ಮಾಡೋದಕ್ಕೂ ಕಬ್ಬಿಣ ಕರಗಿಸಬೇಕು, ಕರೆಂಟು ಸುಡಬೇಕು. ಆ ಹೊಗೆ ಗುಂಡ್ಲುಪೇಟೆಯಲ್ಲಿ ಕಾಣಿಸಲ್ಲ, ಬೇರೆ ಊರಲ್ಲಿ ಕಾಣಿಸುತ್ತೆ.

ಇನ್ನೊಂದು ಮಾತು ನನ್ನ ಜೊತೆ ಬಂದಿದ್ದ ಕ್ಯಾಮೆರಾಮನ್ ಕೇಳಿದ. 'ಯಜಮಾನ್ರೇ, ಆ ಹುಡುಗ ಲಕ್ಷ ಕೊಡ್ತೀನಿ ಅಂದ್ನಲ್ಲ. ಮಾರಿಬಿಟ್ಟು ಒಂದು ಎಕ್ಸೆಲ್ ತಗೊಳ್ಳಿ. ಗೊನೆ ಇನ್ನೂ ಜಾಸ್ತಿ ಹೊರಬಹುದು. ದುಡ್ಡೂ ಉಳಿಯುತ್ತೆ.' ಲೆಕ್ಕ ಸರಿಯಾಗೇ ಇತ್ತು. ಆ ಕಡೆ ಹಾಲಿನ ಕ್ಯಾನು, ಹುಲ್ಲಿನ ಹೊರೆ, ಟೊಮೆಟೊ ಕ್ರೇಟು, ಚೆಂಡು ಹೂವಿನ ಮೂಟೆ ಎಲ್ಲ ಹೊರೋದು ಇವತ್ತು ಟಿವಿಎಸ್ ಎಕ್ಸೆಲ್ಲೇ. ನಲವತ್ತು ವರ್ಷದ ಹಿಂದೆ ಜಾವಾ ಮಾಡ್ತಿದ್ದ ಕೆಲಸ ಅದು.

ಯಜಮಾನ್ರು ಸ್ವಲ್ಪ ಹೊತ್ತು ಸುಮ್ಮನಿದ್ರು. ಆಮೇಲೆ ಹೇಳಿದ್ರು, 'ಮಾರ್ಬೌದು ಕಣಪ್ಪ. ಬ್ಯಾಡ ಅಂತ ನಾನ್ ಏಳ್ನಿಲ್ಲ. ನನ್ ಮಗ್ಳ್ ಮದುವ್ಗ ಲಗ್ನಪತ್ರ ಅಂಚಕ ಮೈಸೂರ್ಗಂಟ ಇದ್ರಲ್ಲೇ ಓಗಿದ್ದಿ. ನಮ್ಮವ್ವನ್ನ ಕಡೆದಾಗಿ ಆಸ್ಪತ್ರಗ ಕರ್ಕಂಡೋಗಿದ್ದೂ ಇದ್ರಲ್ಲೇಯ. ಮಾರದೋ ಬುಡದೋ ನಾನ್ ಏಳ್ಬೇಕು. ಕಾಗ್ದ ಏಳ್ಬಾರ್ದು.'

ಈ ಮಾತು ನನ್ನನ್ನ ಅವತ್ತಿಂದ ಬಿಟ್ಟಿಲ್ಲ, ವೀಕ್ಷಕರೇ. ಮಾರೋದಾ ಬಿಡೋದಾ ನಾನು ಹೇಳಬೇಕು, ಕಾಗದ ಹೇಳಬಾರದು. ಒಬ್ಬ ಮನುಷ್ಯ ತನ್ನ ದುಡಿಮೆಯಲ್ಲಿ ಕೊಂಡ ವಸ್ತುವನ್ನ, ತನ್ನ ಕೈಯಾರೆ ರಿಪೇರಿ ಮಾಡಿಕೊಂಡು, ಯಾರ ಹತ್ತಿರವೂ ಸಾಲ ಇಲ್ಲದೆ, ಇಎಂಐ ಇಲ್ಲದೆ ಇಟ್ಕೊಂಡಿದ್ದಾನೆ. ಹಳೇ ವಾಹನ ಗುಜರಿಗೆ ಹಾಕಿದ್ರೆ ಹೊಸದರ ತೆರಿಗೆಯಲ್ಲಿ ರಿಯಾಯಿತಿ ಕೊಡ್ತೀವಿ ಅಂತ ಸರ್ಕಾರ ಹೇಳುತ್ತೆ. ಹೊಸದು ಕೊಳ್ಳೋನಿಗೆ ರಿಯಾಯಿತಿ, ಇರೋದನ್ನ ಚೆನ್ನಾಗಿ ಇಟ್ಕೊಂಡೋನಿಗೆ ದಂಡ. ಇದು ಯಾವ ನ್ಯಾಯ ಸ್ವಾಮಿ?

ದೆಹಲಿಯಲ್ಲಿ ಕೂತು ನಿಯಮ ಬರೆಯೋರಿಗೆ ದೆಹಲಿಯ ಹೊಗೆ ಕಾಣುತ್ತೆ. ಅದು ತಪ್ಪಲ್ಲ, ಅಲ್ಲಿ ಉಸಿರಾಡೋದೇ ಕಷ್ಟ. ಆದ್ರೆ ದೆಹಲಿಗೆ ಹೊಲಿದ ಅಂಗಿಯನ್ನ ಗುಂಡ್ಲುಪೇಟೆಗೆ ತೊಡಿಸಿದ್ರೆ ಹೇಗೆ? ನಮ್ಮ ರಾಜ್ಯದವರಾದ್ರೂ ಇದನ್ನ ಕೇಂದ್ರಕ್ಕೆ ಹೇಳಬೇಕಲ್ವಾ? ಚಾಮರಾಜನಗರಕ್ಕೆ ಕಾಲಿಟ್ಟರೆ ಕುರ್ಚಿ ಹೋಗುತ್ತೆ ಅಂತ ವರ್ಷಗಟ್ಟಲೆ ಮುಖ್ಯಮಂತ್ರಿಗಳು ಆ ಊರಿನ ಕಡೆ ತಲೆ ಹಾಕಲಿಲ್ಲ. 2013ರ ನಂತರ ಸಿದ್ದರಾಮಯ್ಯನವರು ಹೋಗಿ ಹೋಗಿ ಆ ಮೂಢನಂಬಿಕೆ ಮುರಿದ್ರು. ಮುಖ್ಯಮಂತ್ರಿಗಳ ಭಯ ಹೋಯ್ತು. ಆದ್ರೆ ಒಂದು ಆರ್‌ಸಿ ನವೀಕರಣಕ್ಕೆ ಚಾಮರಾಜನಗರಕ್ಕೆ ಹೋಗೋ ಗುಂಡ್ಲುಪೇಟೆ ರೈತನ ಭಯ ಹೋಗಿದೆಯಾ?

ನಾನು ಕೇಳೋದು ಮೂರೇ ಮೂರು. ಒಂದು, ದಿನಬಳಕೆಯ ಹಳೇ ದ್ವಿಚಕ್ರ ವಾಹನಕ್ಕೆ ಪ್ರತ್ಯೇಕ ವರ್ಗ ಮಾಡಿ. ಪರೀಕ್ಷೆ ಕಟ್ಟುನಿಟ್ಟಾಗಿರಲಿ, ಶುಲ್ಕ ಕಡಿಮೆ ಇರಲಿ. ಎರಡು, ತಡವಾದವರಿಗೆ ಒಂದು ಸಲ ದಂಡ ಮನ್ನಾ ಮಾಡಿ. ಟ್ರಾಫಿಕ್ ದಂಡಕ್ಕೆ ಅರ್ಧ ರಿಯಾಯಿತಿ ಕೊಟ್ಟಾಗ ಜನ ಸಾಲು ನಿಂತು ಕಟ್ಟಿದ್ದನ್ನ ನಾವೇ ನೋಡಿದ್ದೀವಿ. ಮೂರು, ತಿಂಗಳಿಗೆ ಒಂದು ದಿನ ಗುಂಡ್ಲುಪೇಟೆಯಲ್ಲೇ, ಸಾಧ್ಯ ಆದ್ರೆ ತೆರಕಣಾಂಬಿಯಲ್ಲೂ, ತಪಾಸಣೆ ಶಿಬಿರ ಇಡಿ. ಆರ್‌ಸಿ ಇಲ್ಲದ ಗಾಡಿಯನ್ನ ಮೂವತ್ತೈದು ಕಿಲೋಮೀಟರ್ ಓಡಿಸಿಕೊಂಡು ಬಂದು ಆರ್‌ಸಿ ಮಾಡಿಸ್ಕೊಳ್ಳಿ ಅನ್ನೋದು ತಮಾಷೆ ಅಲ್ವಾ? ದಾರಿಯಲ್ಲಿ ಪೊಲೀಸರು ಹಿಡಿದ್ರೆ ಏನು ಹೇಳಬೇಕು ಅವರು?

ಪ್ರತಿ ವರ್ಷ ಜುಲೈ ತಿಂಗಳ ಎರಡನೇ ಭಾನುವಾರ ಜಾವಾ ದಿನ ಅಂತ ಆಚರಿಸ್ತಾರೆ. ಮೈಸೂರಲ್ಲಿ, ಬೆಂಗಳೂರಲ್ಲಿ ಹಳೇ ಜಾವಾ, ಯೆಜ್ಡಿ ಇಟ್ಕೊಂಡೋರೆಲ್ಲ ಗಾಡಿ ತೊಳೆದು, ಉಜ್ಜಿ, ಸಾಲಾಗಿ ಬರ್ತಾರೆ. ನೋಡೋಕೆ ಚೆಂದ. ಆ ಗೆಳೆಯರಲ್ಲಿ ನನ್ನದೊಂದು ವಿನಂತಿ. ನಿಮ್ಮಲ್ಲಿ ವಕೀಲರಿದ್ದೀರಿ, ಎಂಜಿನಿಯರುಗಳಿದ್ದೀರಿ, ಅಧಿಕಾರಿಗಳೂ ಇದ್ದೀರಿ. ಮುಂದಿನ ಸಲ ಆ ದಿನ ಮಾಡುವಾಗ ಗುಂಡ್ಲುಪೇಟೆ, ಚಾಮರಾಜನಗರ ಕಡೆಗೂ ಒಂದು ಸುತ್ತು ಹೋಗಿ. ಗೋಣಿತಾಟು ಹಾಕಿದ ಸೀಟಿನ ಗಾಡಿಯವರನ್ನ ಹುಡುಕಿ. ಫೋಟೊ ತಗೊಳ್ಳಿ, ಬೇಡ ಅನ್ನಲ್ಲ. ಫೋಟೊ ಆದಮೇಲೆ ಕೂತು ಅವರ ಅರ್ಜಿ ತುಂಬಿಕೊಡಿ.

ನಾನು ಹೊರಡುವಾಗ ಯಜಮಾನ್ರು ಬೈಕ್ ಹತ್ತಿದ್ರು. 'ಮನೆಯಮ್ಮನನ್ನ ಕೂರಿಸಿಕೊಂಡು ಬರಲ್ವಾ?' ಅಂದೆ. 'ಅವ್ಳ್ಗ ಈಗ ಬಸ್ಸು ಫ್ರೀ ಅದ ಕಣಪ್ಪ. ಗೊನಗ ಇನ್ನೂ ಫ್ರೀ ಮಾಡಿಲ್ವಲ್ಲ!' ಅಂದ್ರು. ಲಿವರ್ ಮೇಲಕ್ಕೆ ತಿರುಗಿಸಿದ್ರು. ಮೊದಲನೇ ಕಿಕ್ಕಿಗೆ ಬರಲಿಲ್ಲ. ಎರಡನೇದಕ್ಕೆ ಬಂತು. ಆ ಸದ್ದು ನಿಮಗೆ ಗೊತ್ತಲ್ಲ, ಒಂದು ಕಾಲದಲ್ಲಿ ಆ ಸದ್ದು ಕೇಳಿ ಮಕ್ಕಳು ಅಪ್ಪ ಬಂದ್ರು ಅಂತ ಬಾಗಿಲಿಗೆ ಓಡಿ ಬರುತ್ತಿದ್ರು. ಹೊಗೆ ಬಿಟ್ಕೊಂಡು ಮಾರುಕಟ್ಟೆ ಕಡೆ ಹೋದ್ರು.

ಅವರ ಆರ್‌ಸಿ ಇವತ್ತಿಗೂ ಆಗಿಲ್ಲ. ಆದ ದಿನ ಇಲ್ಲೇ ಕೂತು ನಿಮಗೆ ಹೇಳ್ತೀನಿ.